ಹುಬ್ಬಿಗೆ ಗೋಂದು, ಸೊಂಟಕ್ಕೆ ಫೋಮ್: ಡ್ರ್ಯಾಗ್ ವೇಷ ನಿಲ್ಲುವುದು ಹೇಗೆ, ಒಪ್ಪಿಗೆ ಸಿಗುವುದು ಎಲ್ಲಿಯವರೆಗೆ

ಹೆಣ್ತನವನ್ನೋ ಗಂಡಸುತನವನ್ನೋ ಹಿಗ್ಗಿಸಿ ರಂಗದ ಮೇಲೆ ಆಡುವ ಡ್ರ್ಯಾಗ್ ವೇಷ ಶುರುವಾಗುವುದು ಹುಬ್ಬು ಅಳಿಸುವುದರಿಂದ. ಗಂಡಸಿನ ಹುಬ್ಬು ದಪ್ಪ, ಕಣ್ಣಿಗೆ ಹತ್ತಿರ, ಹೆಚ್ಚುಕಡಿಮೆ ನೇರ. ಅದು ಇದ್ದಲ್ಲೇ ಇದ್ದರೆ ರೆಪ್ಪೆಯ ಮೇಲೆ ಬಣ್ಣ ತುಂಬಲು ಜಾಗವೇ ಇರುವುದಿಲ್ಲ. ಎಷ್ಟು ಕಾಡಿಗೆ ತೀಡಿದರೂ ಗಡ್ಡ ಬೋಳಿಸಿಕೊಂಡ ಗಂಡಸೇ ಕಾಣುತ್ತಾನೆ. ಹುಬ್ಬನ್ನೇ ಬೋಳಿಸಿಬಿಟ್ಟರಾಗದೇ ಎಂದರೆ ಆದೀತು, ಆದರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಬೇಕಲ್ಲ. ಹಾಗಾಗಿ ಗೋಂದು.

ಬೇಕಾದದ್ದು ಮಕ್ಕಳು ಶಾಲೆಗೆ ಒಯ್ಯುವ ಅಂಟಿನ ಕಡ್ಡಿ, ಫೆವಿ ಸ್ಟಿಕ್ ಥರದ್ದು, ನೀರಿಗೆ ಕರಗುವಂಥದ್ದು. (ಫೆವಿಕ್ವಿಕ್ ಜಾತಿಯ ಅಂಟನ್ನು ಮುಖದ ಹತ್ತಿರವೂ ತರಬಾರದು. ಇದನ್ನೂ ಹೇಳಬೇಕೇ ಅನ್ನಿಸಬಹುದು, ಹೇಳಬೇಕು.) ಮೊದಲು ಹುಬ್ಬನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಎಣ್ಣೆಪಸೆ ಸ್ವಲ್ಪ ಉಳಿದರೂ ಗೋಂದು ಹಿಡಿಯುವುದಿಲ್ಲ. ಕಡ್ಡಿಯನ್ನು ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಒಮ್ಮೆ ಉಜ್ಜಬೇಕು, ಗೋಂದು ಕೂದಲ ಬುಡಕ್ಕೆ ಇಳಿಯಲಿ ಎಂದು. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೇಲ್ಮುಖವಾಗಿ, ಹಣೆಯ ಕಡೆಗೆ ಬಾಚಿ, ಚಪ್ಪಟೆ ಕಡ್ಡಿಯಿಂದ ಒತ್ತಿ ಕೂರಿಸಬೇಕು. ಫ್ಯಾನಿನಡಿ ಮೂರರಿಂದ ಐದು ನಿಮಿಷ ಒಣಗಲು ಬಿಡಿ. ಹೀಗೆ ಮೂರು ಸಲ ತೆಳುವಾಗಿ. ಹೊಸಬರು ತಪ್ಪುವುದು ಇಲ್ಲೇ: ಒಂದೇ ಸಲ ದಪ್ಪಗೆ ಮೆತ್ತಿಬಿಡುತ್ತಾರೆ. ಮೇಲ್ಪದರ ಒಣಗಿ ಒಳಗೆ ಹಸಿ ಉಳಿಯುತ್ತದೆ, ಸ್ಟೇಜಿನ ಬಿಸಿಗೆ ಬಿರುಕು ಬಿಡುತ್ತದೆ, ಎರಡನೇ ಹಾಡಿನ ಹೊತ್ತಿಗೆ ಬಿರುಕಿನಿಂದ ಕಪ್ಪು ಕೂದಲು ಇಣುಕುತ್ತದೆ. ಮೂರೂ ಪದರ ಒಣಗಿದ ಮೇಲೆ ಬಣ್ಣವಿಲ್ಲದ ಪೌಡರ್ ಒತ್ತಿ, ಅದರ ಮೇಲೆ ಕಿತ್ತಳೆ ಬಣ್ಣದ ಕರೆಕ್ಟರ್ (ಅಡಿಯ ಕಪ್ಪನ್ನು ಮರೆಸುವ ಕ್ರೀಮು), ಅದರ ಮೇಲೆ ಮುಖದ ಬಣ್ಣ. ಬೆರಳಾಡಿಸಿದರೆ ಹುಬ್ಬು ಇತ್ತೆಂಬ ಗುರುತು ಕೈಗೆ ಸಿಗಬಹುದು, ಕಣ್ಣಿಗೆ ಸಿಗಬಾರದು. ಬೆಂಗಳೂರಿನ ಒಣ ಹವೆಯಲ್ಲಿ ನಾಲ್ಕೈದು ತಾಸು ನಿಲ್ಲುವ ಇದೇ ಗೋಂದು ಮಂಗಳೂರಿನ ಮೇ ತಿಂಗಳ ಸೆಖೆಗೆ ಅಷ್ಟು ಹೊತ್ತು ನಿಲ್ಲುವುದಿಲ್ಲ. ಬೆವರು ಮೊದಲು ಎಬ್ಬಿಸುವುದು ಮೂಗಿನ ಕಡೆಯ ತುದಿಯನ್ನು.

ಅಳಿದ ಹುಬ್ಬಿನ ಜಾಗಕ್ಕೆ ಬೆರಳಗಲ ಮೇಲೆ, ಬಿಲ್ಲಿನ ಹಾಗೆ ಹೊಸ ಹುಬ್ಬು ಬರುತ್ತದೆ. ನಿಜವಾದ ಯಾವ ಹೆಂಗಸಿಗೂ ಅಂಥ ಹುಬ್ಬು ಇರುವುದಿಲ್ಲ. ಡ್ರ್ಯಾಗ್ ಏನೆಂಬುದು ಅರ್ಥವಾಗುವುದು ಇಲ್ಲಿಂದಲೇ. ಹೆಣ್ಣಾಗಿ ಯಾರ ಕಣ್ಣನ್ನಾದರೂ ತಪ್ಪಿಸುವ ಉದ್ದೇಶ ಅದಕ್ಕಿಲ್ಲ. ಕೂದಲು, ಎದೆ, ಸೊಂಟ, ನಡಿಗೆ, ಕಣ್ಣಿನ ಕುಡಿ ಎಂದು ನಾವು ‘ಹೆಣ್ತನ’ದ ಪಟ್ಟಿಗೆ ಸೇರಿಸಿಟ್ಟಿರುವ ಗುರುತುಗಳನ್ನೆಲ್ಲ ಎತ್ತಿಕೊಂಡು, ಎರಡು ಪಟ್ಟು ಮಾಡಿ, ಸ್ವಂತ ಹೆಸರಿಟ್ಟ ಒಂದು ಪಾತ್ರವಾಗಿ ಜನರ ಮುಂದೆ ನಿಲ್ಲಿಸುವ ಕಲೆ ಇದು. ಹೀಗೆ ಹೆಣ್ಣನ್ನು ಕಟ್ಟಿದರೆ ಡ್ರ್ಯಾಗ್ ಕ್ವೀನ್, ಗಂಡನ್ನು ಕಟ್ಟಿದರೆ ಡ್ರ್ಯಾಗ್ ಕಿಂಗ್. ಕಟ್ಟುವವರು ಯಾರೂ ಆಗಿರಬಹುದು. ಕ್ವೀನ್ ವೇಷ ಹಾಕುವ ಹೆಂಗಸರೂ ಇದ್ದಾರೆ.

ಕನ್ನಡದವರಿಗೆ ಗಂಡಸು ಸೀರೆ ಉಟ್ಟು ರಂಗಕ್ಕೆ ಬರುವುದು ಹೊಸತೇನಲ್ಲ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಸ್ತ್ರೀವೇಷಕ್ಕೆ ಕೂತವರು ಸಫೇತವೆಂಬ ಬಿಳಿ ಪುಡಿಗೆ ಕೊಬ್ಬರಿ ಎಣ್ಣೆ ಕಲಸಿ ಮುಖಕ್ಕೆ ಹಚ್ಚುವುದನ್ನು, ಚೌರಿ ಕಟ್ಟಿ ಹೂ ಮುಡಿಯುವುದನ್ನು ಕರಾವಳಿ, ಮಲೆನಾಡಿನ ಮಕ್ಕಳು ಬಾಗಿಲಲ್ಲಿ ಇಣುಕಿ ನೋಡಿಯೇ ಬೆಳೆಯುತ್ತಾರೆ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷಕ್ಕೆ ದಶಕಗಳ ಕಾಲ ಜನ ರಾತ್ರಿಯಿಡೀ ಕೂತರು. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಗಣೇಶರ ಜೊತೆಗೂಡಿ, ಸ್ತ್ರೀಪಾತ್ರವನ್ನೇ ನಡುವಿಟ್ಟು ಏಕವ್ಯಕ್ತಿ ಯಕ್ಷಗಾನವನ್ನು ಕಟ್ಟಿದರು. ಕಂಪನಿ ನಾಟಕಗಳ ಮೊದಲ ಕಾಲದಲ್ಲಂತೂ ನಾಯಕಿ ಎಂದರೆ ಮೀಸೆ ಬೋಳಿಸಿದ ಹುಡುಗನೇ. ಪಕ್ಕದ ಮರಾಠಿ ರಂಗದಲ್ಲಿ ಬಾಲಗಂಧರ್ವರು ಸೀರೆ ಉಟ್ಟ ರೀತಿಯನ್ನು ಮನೆ ಹೆಂಗಸರು ನೋಡಿ ಕಲಿತರು. ಇದರ ತಿರುಗುಮುರುಗೂ ನಮ್ಮಲ್ಲೇ ಆಗಿದೆ: ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸ, ಭೀಮರಾಗಿ ಗದೆ ಹಿಡಿದು ಗರ್ಜಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹಾಗಿದ್ದರೆ ಡ್ರ್ಯಾಗ್ ಎಂದರೆ ಊರಿನ ಸ್ತ್ರೀವೇಷವೇ ಹೈ ಹೀಲ್ಸ್ ಹಾಕಿಕೊಂಡು ಬಂದದ್ದೇ? ಹಾಗೆ ಹೇಳಿ ಮುಗಿಸುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ಮಾತು ಸರಿಯಲ್ಲ. ಸ್ತ್ರೀವೇಷದವರು ದ್ರೌಪದಿಯೋ ದಮಯಂತಿಯೋ ಆಗುತ್ತಾರೆ. ಪಾತ್ರ ಪುರಾಣದ್ದು, ಹಿಡಿತ ಹಾಡಿ ಆಟ ನಡೆಸುವ ಭಾಗವತರದ್ದು. ಒಳಗಿರುವ ಗಂಡಸನ್ನು ನೋಡುವವರು ಮರೆತರೆ ಅಲ್ಲಿಗೆ ವೇಷ ಗೆದ್ದಂತೆ. ಡ್ರ್ಯಾಗ್‌ನಲ್ಲಿ ಮರೆಯುವ ಹಾಗೇ ಇಲ್ಲ. ನೋಡುವವರಿಗೆ ಅವನೂ ಅವಳೂ ಒಟ್ಟಿಗೇ ಕಾಣಬೇಕು. ನಗು, ಚಮತ್ಕಾರ, ಕುಟುಕು ಎಲ್ಲ ಹುಟ್ಟುವುದು ಆ ಇಬ್ಬರ ನಡುವಿನ ಸಂದಿಯಲ್ಲಿ. ಪಾತ್ರವೂ ಕಲಾವಿದರ ಸ್ವಂತದ್ದು. ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ 2014ರಲ್ಲಿ ರಂಗಕ್ಕೆ ತಂದ ಮಾಯಾ, ಅಭಿಮಾನಿಗಳ ಬಾಯಲ್ಲಿ ಮಾಯಮ್ಮ, ಯಾವ ಪ್ರಸಂಗದಲ್ಲೂ ಬರುವವಳಲ್ಲ. ಸೀರೆ ಉಟ್ಟು, ಎದುರು ಕೂತವರನ್ನು ಮಾತಿಗೆಳೆಯುವ ಆ ಹೆಂಗಸಿಗೆ ಹಿಂದಿನ ಕಥೆಯನ್ನೂ ಅಲೆಕ್ಸರೇ ಕೊಟ್ಟುಕೊಳ್ಳಬೇಕು.

ಇನ್ನೊಂದು ಗೋಜಲು ಇದಕ್ಕಿಂತ ಗಂಭೀರವಾದದ್ದು. ಡ್ರ್ಯಾಗ್ ಕಲಾವಿದರನ್ನು ಕಂಡವರು ಲಿಂಗತ್ವ ಅಲ್ಪಸಂಖ್ಯಾತರೆಂದೋ, ಲಿಂಗತ್ವ ಅಲ್ಪಸಂಖ್ಯಾತರನ್ನು ಕಂಡವರು ‘ವೇಷ ಹಾಕಿದ್ದಾರೆ’ ಎಂದೋ ತಿಳಿಯುತ್ತಾರೆ. ಎರಡನೆಯದು ನೋಯಿಸುವ ತಪ್ಪು. ಮಂಜಮ್ಮ ಜೋಗತಿ ಉಡುವ ಸೀರೆ ವೇಷವಲ್ಲ. ಬಳ್ಳಾರಿ ಸೀಮೆಯ ಜೋಗತಿ ಪರಂಪರೆಯಲ್ಲಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರಿಗೆ ಅದು ದಿನದ ಬಟ್ಟೆ, ಬದುಕು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದೂ 2021ರ ಪದ್ಮಶ್ರೀ ಪಡೆದದ್ದೂ ಅದೇ ಸೀರೆಯಲ್ಲಿ. ಡ್ರ್ಯಾಗ್ ಸೀರೆಯಾದರೋ ಆಟ ಮುಗಿದ ಮೇಲೆ ಮಡಚಿ ಬ್ಯಾಗಿಗೆ ಸೇರುತ್ತದೆ. ವೇಷ ಒಂದು, ತಾನು ಯಾರೆಂಬುದು ಇನ್ನೊಂದು, ಯಾರನ್ನು ಪ್ರೀತಿಸುತ್ತೇನೆ ಎಂಬುದು ಮತ್ತೊಂದು. ಡ್ರ್ಯಾಗ್ ಮಾಡುವವರಲ್ಲಿ ಬಹಳ ಮಂದಿ ಸಲಿಂಗಿಗಳು ನಿಜ, ಎಲ್ಲರೂ ಅಲ್ಲ. ವೇಷ ಹಾಕುತ್ತ ಹಾಕುತ್ತ ‘ಇದು ವೇಷವಲ್ಲ, ನಾನೇ’ ಎಂದು ಕಂಡುಕೊಂಡವರೂ ಇದ್ದಾರೆ. ಗೆರೆ ಇದೆ, ಗೋಡೆ ಇಲ್ಲ.

ಮುಖದ ಕೆಲಸಕ್ಕೆ ಮರಳೋಣ. ಕೈ ಪಳಗಿದವರಿಗೂ ಇದು ಎರಡರಿಂದ ಮೂರು ತಾಸಿನ ಕೆಲಸ. ಗಡ್ಡವನ್ನು ಬಣ್ಣ ಹಚ್ಚುವ ಅರ್ಧ ತಾಸು ಮೊದಲೇ ಬೋಳಿಸಿ ಮುಗಿಸಿರಬೇಕು. ಬೋಳಿಸಿದ ಕೂಡಲೇ ಹಚ್ಚಿದರೆ ಉರಿಯುತ್ತದೆ. ಬೆಳಿಗ್ಗೆ ಬೋಳಿಸಿ ರಾತ್ರಿ ಹಚ್ಚಿದರೆ ಮೊಳಕೆ ಹೊರಬಂದಿರುತ್ತದೆ. ಎಷ್ಟೇ ನುಣ್ಣಗೆ ಬೋಳಿಸಿದರೂ ಚರ್ಮದಡಿ ಉಳಿದ ಕೂದಲಿನ ಛಾಯೆ ಗಲ್ಲದ ಮೇಲೆ ನೀಲಿ-ಬೂದು ಬಣ್ಣವಾಗಿ ಕಾಣುತ್ತದೆ. ಅದರ ಮೇಲೆ ನೇರವಾಗಿ ಮೈಬಣ್ಣದ ಕ್ರೀಮು ಹಚ್ಚಿದರೆ ಬೂದು ಇನ್ನೂ ಎದ್ದುಬರುತ್ತದೆ. ನೀಲಿಯನ್ನು ಕೊಲ್ಲುವುದು ಕಿತ್ತಳೆ. ನಮ್ಮ ಕಡೆಯ ಕಪ್ಪು, ಎಣ್ಣೆಗೆಂಪು ಮೈಬಣ್ಣಕ್ಕೆ ಇನ್ನೂ ಕೆಂಪು ಬೆರೆತ ಕಿತ್ತಳೆ ಬೇಕು. ತೆಳುವಾಗಿ ಹಚ್ಚಿ, ಪೌಡರ್ ಒತ್ತಿ, ಅದರ ಮೇಲೆ ಫೌಂಡೇಶನ್ನನ್ನು ಸ್ಪಂಜಿನಿಂದ ತಟ್ಟಬೇಕು. ಉಜ್ಜಿದಿರೋ, ಅಡಿಯ ಕಿತ್ತಳೆ ಮೇಲೆದ್ದು ಮುಖವೆಲ್ಲ ಕ್ಯಾರೆಟ್ಟು.

ಆಮೇಲೆ ನೆರಳು-ಬೆಳಕು. ಮೈಬಣ್ಣಕ್ಕಿಂತ ಎರಡು-ಮೂರು ಮೆಟ್ಟಿಲು ಗಾಢವಾದ ಬಣ್ಣವನ್ನು ಕೆನ್ನೆಮೂಳೆಯ ಅಡಿಗೆ, ಮೂಗಿನ ಎರಡೂ ಪಕ್ಕಕ್ಕೆ, ದವಡೆಯ ಅಂಚಿಗೆ, ಹಣೆಯ ಮೇಲಂಚಿಗೆ ಎಳೆಯುತ್ತಾರೆ. ತಿಳಿಬಣ್ಣವನ್ನು ಕಣ್ಣಡಿಗೆ, ಮೂಗಿನ ದಿಂಡಿಗೆ, ಗಲ್ಲದ ತುದಿಗೆ. ಗಾಢವಾದದ್ದು ಹಿಂದೆ ಸರಿದಂತೆ, ತಿಳಿಯಾದದ್ದು ಮುಂದೆ ಬಂದಂತೆ ತೋರುವುದರಿಂದ ಚಚ್ಚೌಕ ದವಡೆ ಮೊಟ್ಟೆಯಾಕಾರಕ್ಕೆ ಇಳಿಯುತ್ತದೆ. ನಾಟಕದ ಬಣ್ಣದವರ ಪೆಟ್ಟಿಗೆಯಲ್ಲಿ ಮೊದಲಿನಿಂದ ಇರುವ ಕ್ರಯೋಲಾನ್ ಸ್ಟಿಕ್ಕುಗಳು ಇದಕ್ಕೆ ಒದಗುತ್ತವೆ. ನಮ್ಮಲ್ಲಿ ಹೆಚ್ಚಾಗಿ ಕೆಡುವುದು ತಿಳಿಬಣ್ಣದ ಆಯ್ಕೆಯಲ್ಲಿ. ಬೆಳ್ಳಗೆ ಕಾಣಬೇಕೆಂಬ ಹಟಕ್ಕೆ ತೀರಾ ಬಿಳಿಯ ಬಣ್ಣ ಬಳಿದು, ಅದರ ಮೇಲೆ ಬಿಳಿ ಪೌಡರ್ ಸುರಿದರೆ ಕಂದು ಚರ್ಮ ವಿಭೂತಿ ಮೆತ್ತಿದ ಹಾಗಾಗುತ್ತದೆ, ಫೋಟೋ ಫ್ಲ್ಯಾಶಿಗೆ ಇನ್ನೂ ಘೋರ. ತಿಳಿಬಣ್ಣ ಮೈಬಣ್ಣಕ್ಕಿಂತ ಎರಡು ಮೆಟ್ಟಿಲು ಮೇಲಿದ್ದರೆ ಸಾಕು, ಅದರೊಳಗೆ ಹಳದಿಯೋ ಕೆಂಪೋ ಇರಬೇಕು. ಹಚ್ಚಿದ ಮೇಲೆ ಪುಡಿ ಪೌಡರನ್ನು ದಪ್ಪಗೆ ಒತ್ತಿ ಐದರಿಂದ ಹತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ಕುಂಚದಿಂದ ಹಾರಿಸಬೇಕು. ಮೈಯ ಬಿಸಿಗೆ ಕ್ರೀಮು ಪೌಡರನ್ನು ಕುಡಿದು ಗಟ್ಟಿಯಾಗಿ ಕೂರುತ್ತದೆ.

ಕಣ್ಣಿಗೆ ರೆಪ್ಪೆಯ ಮಡಿಕೆಯನ್ನು ನಿಜದ ಮಡಿಕೆಗಿಂತ ಮೇಲೆ ಹೊಸದಾಗಿ ಬರೆಯುತ್ತಾರೆ. ಹುಬ್ಬು ಅಳಿಸಿ ಸಂಪಾದಿಸಿದ ಜಾಗ ಅದಕ್ಕೇ. ಕೃತಕ ರೆಪ್ಪೆಗೂದಲು ಎರಡು ಜೊತೆ, ಒಂದರ ಮೇಲೊಂದು. ಅದರ ಅಂಟನ್ನು ಹಚ್ಚಿ ಮೂವತ್ತು ಸೆಕೆಂಡು ಕಾಯಲೇಬೇಕು. ಹಸಿ ಅಂಟು ಜಾರಿ ಕಣ್ಣೊಳಗಿಳಿದರೆ ನೀರು ಸುರಿದು ಅರ್ಧ ತಾಸಿನ ಕೆಲಸ ಕೊಚ್ಚಿಹೋಗುತ್ತದೆ. ಕೆಲವು ಅಂಟುಗಳಲ್ಲಿ ಲೇಟೆಕ್ಸ್ ಇರುತ್ತದೆ, ಅದು ಎಲ್ಲರ ಮೈಗೂ ಒಗ್ಗುವುದಿಲ್ಲ. ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ 24 ತಾಸು ನೋಡಬೇಕು. ಹೊಳಪಿಗೆ ಸ್ಟೇಶನರಿ ಅಂಗಡಿಯ ಗ್ಲಿಟರ್ ಬಳಸುವುದು ದೊಡ್ಡ ತಪ್ಪು, ಅದರ ಚೂಪು ಅಂಚು ಕಣ್ಣನ್ನು ಗೀರುತ್ತದೆ. ತುಟಿಯ ಗೆರೆ ನಿಜದ ತುಟಿಗಿಂತ ಎರಡು-ಮೂರು ಮಿಲಿಮೀಟರ್ ಆಚೆ. ಲಿಪ್‌ಸ್ಟಿಕ್ಕಿನ ಬಣ್ಣ ಆರಿಸುವ ಮುಂಚೆ ಲೈಟಿನವರನ್ನು ಕೇಳುವುದು ಜಾಣತನ: ಕೆಂಪು ಲೈಟಿನಡಿ ಕೆಂಪು ತುಟಿ ಮಾಸಿ ಮುಖದಲ್ಲೇ ಕರಗುತ್ತದೆ, ನೀಲಿ ಲೈಟಿನಡಿ ಅದೇ ತುಟಿ ಕರ್ರಗೆ ಕಾಣುತ್ತದೆ.

ಮುಖ ಎಷ್ಟೇ ಚೆಂದವಾಗಲಿ, ಭುಜ ಸುಳ್ಳು ಹೇಳುವುದಿಲ್ಲ. ಗಂಡಸಿನ ಭುಜ ಅಗಲ, ಸೊಂಟದ ಕೆಳಗೆ ಇಕ್ಕಟ್ಟು. ಭುಜವನ್ನು ಕಿರಿದು ಮಾಡಲಾಗದು, ಆದ್ದರಿಂದ ಕೆಳಗಿನದನ್ನು ಅಗಲ ಮಾಡಬೇಕು. ಸೋಫಾ ರಿಪೇರಿಯವರ ಅಂಗಡಿಯಲ್ಲಿ ಎರಡರಿಂದ ಮೂರು ಇಂಚು ದಪ್ಪದ ಫೋಮ್ ಸಿಗುತ್ತದೆ. ಪೃಷ್ಠದ ಪಕ್ಕದಿಂದ ತೊಡೆಯ ಮಧ್ಯದವರೆಗೆ ಬರುವ ಹಾಗೆ, ಅರ್ಧ ಮಾವಿನಕಾಯಿಯ ಆಕಾರದಲ್ಲಿ ಎರಡು ತುಂಡು ಕತ್ತರಿಸಿ, ಅಂಚನ್ನು ಕತ್ತರಿಯಿಂದ ಸವರುತ್ತ ಸವರುತ್ತ ಕಾಗದದಷ್ಟು ತೆಳುವಾಗಿಸಬೇಕು. ಕೆಲಸದ ಮುಕ್ಕಾಲು ಪಾಲು ಈ ಅಂಚೇ. ಇದು ದಪ್ಪ ಉಳಿದರೆ ಬಟ್ಟೆಯ ಮೇಲೆ ಮೆಟ್ಟಿಲು ಮೂಡಿ ತೊಡೆಗೆ ಇಟ್ಟಿಗೆ ಕಟ್ಟಿದಂತೆ ಕಾಣುತ್ತದೆ. ಒಂದು ಟೈಟ್ಸ್ ಹಾಕಿ, ಅದರ ಮೇಲೆ ಫೋಮ್ ಕೂರಿಸಿ, ಮೇಲೆ ಇನ್ನೂ ಮೂರು ಟೈಟ್ಸ್ ಎಳೆದರೆ ಅಂಚು ಮಾಯ. ಅಳತೆಗೆ ಒಂದು ಒರಟು ಲೆಕ್ಕ: ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಸೊಂಟದ ಕೆಳಗಿನ ಅಗಲ ಭುಜದ ಅಗಲಕ್ಕೆ ಸಮನಾಗಬೇಕು. ಎದೆಗೆ ಸಿಲಿಕೋನ್ ಕವಚ ಸಿಗುತ್ತದೆ, ದುಬಾರಿ, ಭಾರ, ಸೆಖೆ. ಸ್ಟಾಕಿಂಗ್ಸ್ ಒಳಗೆ ನವಣೆಯನ್ನೋ ಅಕ್ಕಿಯನ್ನೋ ತುಂಬಿ ಗಂಟು ಹಾಕಿದರೆ ನಡೆದಾಗ ಸಹಜವಾಗಿಯೇ ಅಲುಗುತ್ತದೆ. ಗಂಟು ಮಾತ್ರ ಎರಡೆರಡು ಹಾಕಿರಬೇಕು. ಸ್ಟೇಜಿನ ಮೇಲೆ ಕಾಳು ಚೆಲ್ಲಿದರೆ ಎತ್ತುವವರು ಯಾರು?

ಕಾರ್ಸೆಟ್ಟಿನಿಂದ ಸೊಂಟವನ್ನು ಮೊದಮೊದಲು ಎರಡು ಇಂಚಿಗಿಂತ ಹೆಚ್ಚು ಬಿಗಿಯಬಾರದು. ಊಟವಾದ ಕೂಡಲೇ ಕಟ್ಟಬಾರದು, ತಲೆ ಹಗುರಾದಂತಾದರೆ ಸಡಿಲಿಸಲು ಒಬ್ಬರು ಪಕ್ಕದಲ್ಲಿರಬೇಕು. ತೊಡೆಸಂದಿಯ ಉಬ್ಬನ್ನು ಅಡಗಿಸಲು ಬಿಗಿಯಾದ ವಿಶೇಷ ಒಳಉಡುಪು ಉಂಟು. ಪಾರ್ಸಲ್ ಕಟ್ಟುವ ಟೇಪು ಅಂಟಿಸಿ ಚರ್ಮ ಕಿತ್ತುಕೊಂಡವರ ಸಾಲಿಗೆ ಸೇರುವುದು ಬೇಡ. ಟೇಪೇ ಬೇಕೆಂದರೆ ಔಷಧದಂಗಡಿಯ ಮೆಡಿಕಲ್ ಟೇಪು, ಬೋಳಿಸಿದ ಚರ್ಮಕ್ಕೆ, ಕೆಲವೇ ತಾಸು. ನೋವು ಬಂದರೆ ಆಗಲೇ ಬಿಚ್ಚಬೇಕು. ಇಷ್ಟೆಲ್ಲ ಕಟ್ಟಿಕೊಂಡ ಮೇಲೆ ಮೂತ್ರಕ್ಕೆ ಹೋಗುವುದು ದೊಡ್ಡ ರಾಮಾಯಣ. ಅದಕ್ಕೆ ಹೆದರಿ ಇಡೀ ದಿನ ನೀರೇ ಕುಡಿಯದೆ ಲೈಟಿನ ಬಿಸಿಗೆ ತಲೆ ಸುತ್ತಿ ಬೀಳುವವರಿದ್ದಾರೆ. ಕಟ್ಟುವ ಒಂದು ತಾಸು ಮುಂಚಿನವರೆಗೂ ಚೆನ್ನಾಗಿ ಕುಡಿದು, ಕಟ್ಟುವ ಮುನ್ನ ಹೋಗಿಬಂದು, ಆಮೇಲೆ ಸ್ಟ್ರಾದಲ್ಲಿ ಗುಟುಕು ಗುಟುಕಾಗಿ ಕುಡಿಯುವುದು ಸರಿಯಾದ ಕ್ರಮ.

ಸೀರೆ ಉಡುವವರಿಗೆ ಎರಡು ಮಾತು. ಮೊದಲು ಹೀಲ್ಸ್ ಹಾಕಿ, ಆಮೇಲೆ ನೆರಿಗೆ ಹಿಡಿಯಬೇಕು. ಬರಿಗಾಲಲ್ಲಿ ಅಳತೆ ನೋಡಿ ಉಟ್ಟು ನಾಲ್ಕಿಂಚಿನ ಹೀಲ್ಸ್ ಹತ್ತಿದರೆ ಸೀರೆ ಗದ್ದೆಗಿಳಿದವರ ಹಾಗೆ ಮೇಲೇರುತ್ತದೆ. ಎರಡನೆಯದು, ಲಂಗದ ಲಾಡಿ. ಫೋಮಿನ ಮೇಲೆ ಮೂರು ಟೈಟ್ಸ್ ಇರುವುದರಿಂದ ಮೇಲ್ಮೈ ನುಣುಪು, ಲಾಡಿ ಎಷ್ಟು ಬಿಗಿದರೂ ಕುಣಿದಾಗ ಜಾರುತ್ತದೆ. ಲಾಡಿಯನ್ನು ಫೋಮಿನ ಮೇಲಂಚಿಗಿಂತ ಮೇಲೆ, ನಿಜದ ಸೊಂಟದಲ್ಲಿ ಕಟ್ಟಿ, ಅದರ ಮೇಲೊಂದು ಅಗಲ ಬೆಲ್ಟು ಹಾಕಿ, ನೆರಿಗೆಯನ್ನು ಬೆಲ್ಟಿಗೇ ಪಿನ್ ಮಾಡಬೇಕು. ಹತ್ತು-ಹನ್ನೊಂದನೇ ನಂಬರಿನ ಕಾಲಿಗೆ ಹೀಲ್ಸ್ ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಅಳತೆ ಕೊಟ್ಟು ಮಾಡಿಸಿಕೊಳ್ಳುವುದೇ ವಾಸಿ. ಕೃತಕ ಉಗುರು ಎಲ್ಲಕ್ಕಿಂತ ಕೊನೆಗೆ. ಮೊದಲೇ ಅಂಟಿಸಿಕೊಂಡವರು ಪಿನ್ನೂ ಹಾಕಲಾರರು, ಝಿಪ್ಪೂ ಎಳೆಯಲಾರರು, ಫೋನಿನ ಲಾಕೂ ತೆಗೆಯಲಾರರು.

ಕಿಂಗ್ ವೇಷದ ಕಷ್ಟ ಬೇರೆ. ಎದೆಯನ್ನು ಚಪ್ಪಟೆ ಮಾಡಲು ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜನ್ನು ಎಂದಿಗೂ ಬಳಸಬಾರದು. ಅದು ಉಸಿರಾಡಿದಂತೆಲ್ಲ ಬಿಗಿಯುತ್ತ ಹೋಗುತ್ತದೆ, ಪಕ್ಕೆಲುಬಿಗೆ ಪೆಟ್ಟು. ಇದಕ್ಕೆಂದೇ ಹೊಲಿದ ಒಳಉಡುಪು ಬೈಂಡರ್, ಸರಿಯಾದ ಅಳತೆಯದ್ದು, ಹೆಚ್ಚೆಂದರೆ ಎಂಟು ತಾಸು, ಅದನ್ನು ಹಾಕಿ ಮಲಗಬಾರದು. ಗಡ್ಡಕ್ಕೆ ಕೂದಲನ್ನು ಸಣ್ಣಗೆ, ಅಕ್ಕಿಕಾಳಿನ ಅರ್ಧದಷ್ಟು ಕತ್ತರಿಸಿ, ಸ್ಪಿರಿಟ್ ಗಮ್ (ನಾಟಕದ ಗಡ್ಡಮೀಸೆ ಅಂಟಿಸುವ ಗೋಂದು) ಹಚ್ಚಿದ ದವಡೆಗೆ ಕುಂಚದಿಂದ ತಟ್ಟುತ್ತಾರೆ. ಉದ್ದ ಕೂದಲು ಅಂಟಿಸಿದರೆ ಶಾಲಾ ನಾಟಕದ ಋಷಿ. ನಡಿಗೆ ಇನ್ನೂ ಮುಖ್ಯ: ಭಾರವನ್ನು ಹಿಮ್ಮಡಿಗೆ ಬಿಟ್ಟು, ಸೊಂಟವನ್ನು ಅಲ್ಲಾಡಿಸದೆ, ಕೂತಾಗ ಜಾಗವನ್ನೆಲ್ಲ ತನ್ನದೆಂಬಂತೆ ಕಾಲು ಚಾಚಿ. ಬಸ್ಸಿನಲ್ಲಿ ಗಂಡಸರು ಕೂರುವುದನ್ನು ಒಂದು ವಾರ ನೋಡಿದರೆ ಪಾಠ ಪೂರ್ತಿ. ಗಂಡಸುತನವೂ ಕಲಿತು ಆಡುವ ಆಟವೇ ಎಂದು ಕಿಂಗ್ ವೇಷ ತೋರಿಸಿಬಿಡುತ್ತದೆ. ಕ್ವೀನ್ ವೇಷಕ್ಕೆ ಬರುವಷ್ಟು ನಗು ಇದಕ್ಕೆ ಬಾರದಿರುವುದಕ್ಕೆ ಅದೇ ಕಾರಣವಿದ್ದೀತು.

ಸ್ಟೇಜಿನ ಮೇಲೆ ನಡೆಯುವುದು ಹೆಚ್ಚಾಗಿ ಲಿಪ್ ಸಿಂಕ್, ಅಂದರೆ ಧ್ವನಿಮುದ್ರಿತ ಹಾಡಿಗೆ ತುಟಿ ಕೂಡಿಸುವುದು. ಸುಶಾಂತ್ ದಿವ್ಗಿಕರ್ ‘ರಾಣಿ ಕೋಹಿನೂರ್’ ಆಗಿ ತಾವೇ ಹಾಡುತ್ತಾರೆ, ಅಂಥವರು ಕಡಿಮೆ. ತುಟಿ ಅಲ್ಲಾಡಿಸುವುದು ಸುಲಭವೆಂದುಕೊಂಡವರು ಪ, ಬ, ಮ ಅಕ್ಷರಗಳಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿ ತುಟಿ ಪೂರ್ತಿ ಮುಚ್ಚಲೇಬೇಕು, ಒಂದು ಸಲ ತಪ್ಪಿದರೂ ಹಿಂದಿನ ಸಾಲಿನವರಿಗೆ ಗೊತ್ತಾಗುತ್ತದೆ. ಹಾಡುಗಾರ್ತಿ ಎಲ್ಲಿ ಉಸಿರೆಳೆದಳೋ ಅಲ್ಲೇ ಎದೆ ಏರಬೇಕು. ಹಾಡನ್ನು ಮೂರೂವರೆ ನಿಮಿಷಕ್ಕೆ ಕತ್ತರಿಸಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಫೋನಿನಲ್ಲಿ ಇಟ್ಟುಕೊಳ್ಳುತ್ತಾರೆ. ಆ ಫೋನು ಫ್ಲೈಟ್ ಮೋಡಿನಲ್ಲಿರಬೇಕು. ಇಲ್ಲವಾದರೆ ಭಾವ ಉಕ್ಕುವ ಸಾಲಿನಲ್ಲೇ ಸಾಲ ಬೇಕೇ ಎಂದು ಬ್ಯಾಂಕಿನವರ ಕರೆ ಬರುತ್ತದೆ.

ಚಪ್ಪಾಳೆ ಸ್ಟೇಜಿಗೆ, ಬೇಡಿ ಬೀದಿಗೆ ಎಂಬ ಇಬ್ಬಗೆ ಬಹಳ ಹಳೆಯದು. 1870ರ ಏಪ್ರಿಲ್‌ನಲ್ಲಿ ಲಂಡನ್ನಿನ ಅರ್ನೆಸ್ಟ್ ಬೋಲ್ಟನ್, ಫ್ರೆಡರಿಕ್ ಪಾರ್ಕ್ ಎಂಬ ಇಬ್ಬರನ್ನು ಪೊಲೀಸರು ಹಿಡಿದದ್ದು ಸ್ಟ್ರ್ಯಾಂಡ್ ಥಿಯೇಟರಿನಿಂದ ಹೆಣ್ಣುಡುಗೆಯಲ್ಲಿ ಹೊರಬಂದಾಗ. ಅದೇ ಇಬ್ಬರು ಹವ್ಯಾಸಿ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡಿದಾಗ ಜನ ಕೈತಟ್ಟಿದ್ದರು. ಮರುವರ್ಷ ಜ್ಯೂರಿ ಅವರನ್ನು ಬಿಟ್ಟಿತು. ‘ಡ್ರ್ಯಾಗ್’ ಎಂಬ ಮಾತು ಈ ಅರ್ಥದಲ್ಲಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದೂ ಹೆಚ್ಚುಕಡಿಮೆ ಆಗಲೇ. ನೆಲಕ್ಕೆ ಎಳೆಯುವ ಉದ್ದ ಲಂಗದಿಂದ ಬಂದಿರಬಹುದು ಎನ್ನುತ್ತಾರೆ. ಅಮೆರಿಕದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ವಿಲಿಯಂ ಡಾರ್ಸಿ ಸ್ವಾನ್ ತನ್ನನ್ನು ಡ್ರ್ಯಾಗ್ ರಾಣಿ ಎಂದು ಕರೆದುಕೊಂಡು ವಾಷಿಂಗ್ಟನ್ನಿನಲ್ಲಿ ನೃತ್ಯಕೂಟ ನಡೆಸುತ್ತಿದ್ದ. 1888ರಲ್ಲಿ ಅವನ ಕೂಟದ ಮೇಲೂ ದಾಳಿಯಾಯಿತು.

ಲಂಡನ್ನಿನ ಮೊಕದ್ದಮೆ ಮುಗಿದ 1871ರಲ್ಲೇ ಬ್ರಿಟಿಷರು ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಅದರ ಎರಡನೇ ಭಾಗ ಹಿಜಡಾ ಸಮುದಾಯದವರ ಹೆಸರು ದಾಖಲಿಸಲು ಹೇಳಿತು. ಹಾಗೆ ದಾಖಲಾದವರು ಹೆಣ್ಣುಡುಗೆಯಲ್ಲಿ ಬೀದಿಗೆ ಕಾಣಿಸಿಕೊಂಡರೆ, ಬೀದಿಯಲ್ಲಿ ಕುಣಿದರೆ, ವಾದ್ಯ ನುಡಿಸಿದರೆ ವಾರಂಟಿಲ್ಲದೆ ಹಿಡಿಯಬಹುದಿತ್ತು, ಎರಡು ವರ್ಷದವರೆಗೆ ಜೈಲು. ನಿಜಾಮರ ಹೈದರಾಬಾದ್ ಸಂಸ್ಥಾನವೂ 1919ರಲ್ಲಿ ಅದೇ ಜಾಡಿನ ಕಾಯ್ದೆ ಮಾಡಿತು. ಬೀದರ, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದೊಳಗಿದ್ದವು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರಲ್ಲಿ. ನಮ್ಮ ಕರ್ನಾಟಕದ ಪೊಲೀಸ್ ಕಾಯ್ದೆಗೂ 2011ರಲ್ಲಿ ಇಂಥದ್ದೇ 36ಎ ಕಲಮು ಸೇರಿತ್ತು; ಆಕ್ಷೇಪ ಎದ್ದು 2016ರಲ್ಲಿ ಅದರಲ್ಲಿದ್ದ ಸಮುದಾಯದ ಹೆಸರು ಬಿದ್ದುಹೋಯಿತು.

ಈಗ ಡ್ರ್ಯಾಗ್ ಕಲಾವಿದರು ನೆನಪಿಟ್ಟುಕೊಳ್ಳಬೇಕಾದ ತೀರ್ಪು ಎರಡು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಒಪ್ಪಿತ ವಯಸ್ಕರ ಸಲಿಂಗ ಸಂಬಂಧವನ್ನು ಅದನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟದ್ದು ಎಲ್ಲರಿಗೂ ಗೊತ್ತು. ವೇಷದ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬರುವುದು 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಮೊಕದ್ದಮೆಯ ತೀರ್ಪು. ತಾನು ಗುರುತಿಸಿಕೊಂಡ ಲಿಂಗತ್ವವನ್ನು ಉಡುಗೆ, ಮಾತು, ನಡವಳಿಕೆಗಳ ಮೂಲಕ ತೋರಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು ಅದು ಹೇಳಿತು. ವೇಷ ಹಾಕಿದ್ದೇ ಅಪರಾಧವೆನ್ನುವ ಕಾನೂನು ಇಂದು ನಮ್ಮಲ್ಲಿಲ್ಲ.

ಕಾನೂನು ಬಿಟ್ಟುಕೊಟ್ಟದ್ದನ್ನು ಅಪಾರ್ಟ್‌ಮೆಂಟಿನ ಗೇಟು ಬಿಟ್ಟುಕೊಡಬೇಕೆಂದಿಲ್ಲ. ಸ್ತ್ರೀವೇಷಕ್ಕೆ ಸಿಗುವ ಗೌರವಕ್ಕೆ ಒಂದು ಚೌಕಟ್ಟು ಇದೆ: ಚಂಡೆ ಬಡಿದಾಗ ಶುರು, ಮಂಗಳ ಹಾಡಿದಾಗ ಮುಗಿಯಿತು, ಬೆಳಿಗ್ಗೆ ಅವರು ಪಂಚೆ ಉಟ್ಟು ಬಸ್ಸು ಹತ್ತುತ್ತಾರೆ. ಹೆಣ್ಣು ನಡಿಗೆ ಬೆಳಿಗ್ಗೆಯೂ ಉಳಿದುಬಿಟ್ಟ ಹುಡುಗನಿಗೆ ಅದೇ ಊರು ಏನೆಂದು ಹೆಸರಿಟ್ಟು ಕರೆಯುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ನಮ್ಮ ಪರಂಪರೆ ಎಷ್ಟು ಉದಾರ ಎಂದು ಹೆಮ್ಮೆಪಡುವವರು ಈ ಎರಡನೇ ಅರ್ಧವನ್ನು ನುಂಗಿಬಿಡುತ್ತಾರೆ. ಡ್ರ್ಯಾಗ್‌ಗೆ ನಮ್ಮ ನಗರಗಳು ಕೊಟ್ಟಿರುವ ಚೌಕಟ್ಟು ಕ್ಲಬ್ಬಿನ ಗೋಡೆ, ಪ್ರೈಡ್ ತಿಂಗಳೆನ್ನುವ ಜೂನಿನ ಕಂಪನಿ ಕಾರ್ಯಕ್ರಮ, ಲೈಂಗಿಕ ಅಲ್ಪಸಂಖ್ಯಾತರು ವರ್ಷಕ್ಕೊಮ್ಮೆ ನಡೆಸುವ ಪ್ರೈಡ್ ಮೆರವಣಿಗೆ. ಬೆಂಗಳೂರಿನಲ್ಲಿ ಮೆರವಣಿಗೆ 2008ರಿಂದ ನಡೆಯುತ್ತಿದೆ. ಚೌಕಟ್ಟಿನ ಒಳಗೆ ಸೆಲ್ಫಿ, ಹೊರಗೆ ಶಿಳ್ಳೆ.

ಕರೆಸುವವರು ಕೆಲವನ್ನು ಕೂಡಲೇ ಸರಿಮಾಡಬಹುದು. ಬೀಗ ಇರುವ ಕೋಣೆ, ಮುಖದ ಎರಡೂ ಬದಿಯಿಂದ ಬಿಳಿ ಬೆಳಕು ಬೀಳುವ ಕನ್ನಡಿ, ಹತ್ತಿರದಲ್ಲೇ ಶೌಚಾಲಯ ಇಷ್ಟಾದರೂ ಬೇಕು. ಖಾಲಿ ಬಾಟಲಿ ಪೇರಿಸಿಟ್ಟ ಸ್ಟೋರ್ ರೂಮಿನಲ್ಲಿ ಹಳದಿ ಬಲ್ಬಿನಡಿ ಬಳಿದುಕೊಂಡ ಬಣ್ಣ ಸ್ಟೇಜಿನ ಬೆಳಕಿಗೆ ಎರಡೆರಡು ಬಣ್ಣವಾಗಿ ಕಾಣುತ್ತದೆ. ಸಂಭಾವನೆ ಮಾತಾಡುವಾಗ ಹತ್ತು ನಿಮಿಷದ ಆಟವನ್ನಲ್ಲ, ಮೂರು ತಾಸಿನ ಬಣ್ಣ, ವಿಗ್ಗು, ಬಟ್ಟೆ, ರಾತ್ರಿಯ ಟ್ಯಾಕ್ಸಿ ಲೆಕ್ಕ ಹಿಡಿಯಬೇಕು. ‘ಪ್ರಚಾರ ಸಿಗುತ್ತದಲ್ಲ’ ಎನ್ನುವವರಿಗೆ ವಿಗ್ಗಿನ ಅಂಗಡಿಯಲ್ಲಿ ಪ್ರಚಾರಕ್ಕೆ ಏನೂ ಕೊಡುವುದಿಲ್ಲವೆಂದು ಗೊತ್ತಿರಲಿ. ಫೋಟೋ ಹಾಕುವಾಗ ವೇಷದ ಹೆಸರನ್ನೇ ಬರೆಯಬೇಕು. ಮನೆಯವರಿಗೆ ತಿಳಿಸದೆ ವೇಷ ಹಾಕುವವರ ನಿಜ ಹೆಸರನ್ನು ಅಭಿಮಾನಕ್ಕೆಂದೇ ಟ್ಯಾಗ್ ಮಾಡಿದರೂ ಮರುದಿನ ಅವರ ಮನೆಯಲ್ಲಿ ರಂಪವಾಗುತ್ತದೆ. ಎದೆ, ಸೊಂಟ ಫೋಮಿನದೇ ಆದರೂ ಮುಟ್ಟಿ ನೋಡುವ ಹಕ್ಕು ಯಾರಿಗೂ ಇಲ್ಲ.

ಅವನು ಅನ್ನಬೇಕೋ ಅವಳು ಅನ್ನಬೇಕೋ? ಈ ತೊಡಕು ಇಂಗ್ಲಿಷಿನವರನ್ನು ಕಾಡಿದಷ್ಟು ನಮ್ಮನ್ನು ಕಾಡಬೇಕಿಲ್ಲ. ವೇಷದಲ್ಲಿದ್ದಾಗ ಕ್ವೀನ್ ‘ಬಂದಳು’. ವೇಷ ಕಳಚಿದ ಮೇಲೆ ಏನೆನ್ನಬೇಕೆಂದು ಅವರನ್ನೇ ಕೇಳಿದರಾಯಿತು. ಕೇಳಲು ಸಂಕೋಚವಾದರೆ ‘ಅವರು ಬಂದರು’ ಎನ್ನಿ. ಗಂಡು ಹೆಣ್ಣು ಎರಡನ್ನೂ ಹೇಳದೆ ಮರ್ಯಾದೆಯ ಬಹುವಚನ ಎಲ್ಲವನ್ನೂ ಸಂಭಾಳಿಸುತ್ತದೆ.

ಮನೆಗೆ ಹೊರಡುವುದು ಈ ಕೆಲಸದ ಕೊನೆಯ ಭಾಗ, ಅಷ್ಟೇ ಲೆಕ್ಕಾಚಾರದ್ದು. ಟ್ಯಾಕ್ಸಿ ಆ್ಯಪಿನಲ್ಲಿರುವ ಹೆಸರಿಗೂ ಹತ್ತುವ ಮುಖಕ್ಕೂ ತಾಳೆಯಾಗದಿದ್ದರೆ ಚಾಲಕ ನಿರಾಕರಿಸಬಹುದು, ಪ್ರಶ್ನೆ ಕೇಳಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಹಾಗಾಗಿ ಬಹಳ ಮಂದಿ ವಿಗ್ಗು, ರೆಪ್ಪೆ, ತುಟಿಬಣ್ಣವನ್ನಾದರೂ ಅಲ್ಲೇ ತೆಗೆದು, ಮೇಲೊಂದು ದೊಗಲೆ ಶರ್ಟು ಹಾಕಿ, ಟ್ರಿಪ್ಪಿನ ವಿವರವನ್ನು ಗೆಳೆಯರಿಗೆ ಕಳಿಸಿಯೇ ಹತ್ತುತ್ತಾರೆ. ಮುಖದ ಬಣ್ಣಕ್ಕೆ ಚೌಕಿಯವರ ಮದ್ದೇ ಮದ್ದು: ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಎರಡು ನಿಮಿಷ ಬಿಟ್ಟು ಹಳೆಯ ಹತ್ತಿಬಟ್ಟೆಯಲ್ಲಿ ಒರೆಸುವುದು. ಹುಬ್ಬಿನ ಗೋಂದಿಗೆ ಮಾತ್ರ ಎಣ್ಣೆ ನಡೆಯುವುದಿಲ್ಲ, ಅದಕ್ಕೆ ನೀರೇ ಬೇಕು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದು, ಮೆತ್ತಗಾದ ಮೇಲೆ ಕೂದಲ ದಿಕ್ಕಿಗೇ ಒರೆಸಬೇಕು. ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿದೆಯೆಂದು ಅವಸರಕ್ಕೆ ಕಿತ್ತರೆ ಗೋಂದಿನ ಜೊತೆ ಹುಬ್ಬೂ ಬರುತ್ತದೆ.